ಏಳು ಇಪ್ಪತ್ತರ ತರಗತಿ

ಹಾಜರಿ ಕಡಿಮೆಯಿರುವ ವಿದ್ಯಾರ್ಥಿಗಳಿಂದ ಕಾಲೇಜು ಒಂದು ಅಂಡರ್‌ಟೇಕಿಂಗ್ ಬರೆಸಿಕೊಳ್ಳುತ್ತದೆ. ಇನ್ನು ಮುಂದೆ ತಪ್ಪದೆ ಬರುತ್ತೇನೆ ಎಂಬ ಮಾತು, ಬಾರದಿದ್ದುದಕ್ಕೆ ಕಾರಣ, ಕೊನೆಗೆ ಪಾಲಕರ ಸಹಿ. ಆ ಆಗಸ್ಟಿನಲ್ಲಿ ನನ್ನ ಮೇಜಿನ ಮೇಲೆ ಅಂಥ ನೂರಕ್ಕೂ ಹೆಚ್ಚು ಹಾಳೆಗಳು ಬಂದು ಬಿದ್ದಿದ್ದವು. ಸಹಿಗಳು ಮರಾಠಿಯಲ್ಲಿ, ಹಿಂದಿಯಲ್ಲಿ, ಕೆಲವು ಇಂಗ್ಲಿಷಿನಲ್ಲಿ, ಎಷ್ಟೋ ಹೆಬ್ಬೆಟ್ಟುಗಳು. ನಡುವೆ ಒಂದು ಸಹಿ ಕನ್ನಡದಲ್ಲಿತ್ತು. ಒಂದಕ್ಕೊಂದು ತಾಗದಂತೆ ಬಿಡಿಬಿಡಿಯಾಗಿ ಬರೆದ ನಾಲ್ಕು ಅಕ್ಷರ. ಪೆನ್ನನ್ನು ಒತ್ತಿ ಹಿಡಿದಿದ್ದರಿಂದ ಹಾಳೆಯ ಹಿಂಬದಿಯಲ್ಲೂ ಬೆರಳಿಗೆ ತಾಗುತ್ತಿದ್ದವು.

ನಾನು ಧಾರವಾಡದವಳು. ಮುಂಬಯಿಯ ಭಾಂಡುಪಿನಲ್ಲಿರುವ ಈ ಕಾಲೇಜಿನಲ್ಲಿ ಭೂಗೋಳ ಕಲಿಸಲು ಬಂದು ಹದಿನಾಲ್ಕು ವರ್ಷವಾಗಿತ್ತು. ಮನೆ ಮಾಟುಂಗದಲ್ಲಿ. ಅಲ್ಲಿ ಇಡ್ಲಿ ತಿನ್ನಲು ಕೂತರೆ ಕಿವಿಗೆ ಕನ್ನಡ ಬೀಳುತ್ತದೆ, ಆದರೆ ಅದು ಕರಾವಳಿಯ ಕನ್ನಡ, ನನ್ನೂರಿನ ಮಾತಲ್ಲ. ಕಾಲೇಜಿನ ಕಾಗದದ ಮೇಲಂತೂ ಕನ್ನಡ ಅಕ್ಷರ ಕಂಡದ್ದು ಅದೇ ಮೊದಲು. ಆ ಹಾಳೆಯನ್ನು ಕಟ್ಟಿನಿಂದ ತೆಗೆದು ಬೇರೆ ಇಟ್ಟೆ.

ಮನೆಯಲ್ಲಿ ಮೊದಲ ಸಲ ಕಾಲೇಜಿಗೆ ಬಂದ ಮಕ್ಕಳಿಗೆಂದು ಆ ವರ್ಷ ನಮ್ಮಲ್ಲಿ ಒಂದು ಸಹಾಯ ವಿಭಾಗ ತೆರೆದು, ಅದರ ಹೊಣೆಯನ್ನು ನನಗೆ ಕೊಟ್ಟಿದ್ದರು. ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವುದು, ಗ್ರಂಥಾಲಯದಲ್ಲಿ ಒಂದು ಪುಸ್ತಕ ಹೆಚ್ಚು ಕೊಡಿಸುವುದು, ಹಾಜರಿ ಕಡಿಮೆಯಾದವರನ್ನು ಕರೆದು ಮಾತಾಡಿಸುವುದು, ಇಷ್ಟು ಕೆಲಸ. ನಿಯಮ ಹೀಗಿತ್ತು: ಎಲ್ಲ ವಿಷಯಗಳ ಸರಾಸರಿ ಶೇಕಡ ಎಪ್ಪತ್ತೈದು ಇರಬೇಕು, ಯಾವ ಒಂದು ವಿಷಯದಲ್ಲೂ ಐವತ್ತಕ್ಕಿಂತ ಕೆಳಗಿಳಿಯಬಾರದು. ಇಳಿದರೆ ಪರೀಕ್ಷೆಗೆ ಕೂರಿಸುವುದಿಲ್ಲ.

ಕನ್ನಡ ಸಹಿಯ ಹುಡುಗಿ ಬಿ.ಎ. ಎರಡನೇ ವರ್ಷದಲ್ಲಿದ್ದಳು. ಕಾರಣದ ಜಾಗದಲ್ಲಿ 'ಹೆಲ್ತ್' ಎಂದು ಬರೆದಿದ್ದಳು. ಹಾಜರಿ ಪುಸ್ತಕ ತೆಗೆದು ನೋಡಿದೆ. ಎಂಟೂವರೆಯ ನಂತರದ ಒಂದು ಪಾಠವನ್ನೂ ಅವಳು ತಪ್ಪಿಸಿರಲಿಲ್ಲ. ತಪ್ಪುತ್ತಿದ್ದದ್ದು ದಿನದ ಮೊದಲ ಪಾಠ, ಏಳು ಇಪ್ಪತ್ತರದ್ದು. ಅದು ವಾರದಲ್ಲಿ ನಾಲ್ಕು ದಿನ ನನ್ನ ಭೂಗೋಳ, ಎರಡು ದಿನ ಅರ್ಥಶಾಸ್ತ್ರ.

ಕರೆಸಿದೆ. ತೆಳ್ಳಗಿನ ಹುಡುಗಿ, ಬ್ಯಾಗನ್ನು ಎದೆಗೆ ಅವುಚಿಕೊಂಡು ನಿಂತಳು.

"ಊರು ಯಾವುದವಾ ನಿಂದು?" ಎಂದೆ, ಕನ್ನಡದಲ್ಲೇ.

ಅವಳು ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದಳು, ಬೇರೆ ಯಾರನ್ನೋ ಕೇಳಿದೆನೇನೋ ಎಂಬಂತೆ. "ಮಮ್ಮಿ ಬಿಜಾಪುರ ಸೈಡ್, ಮೇಡಂ. ನಂಗ ಕನ್ನಡ ಸಮಜ್ತದ. ಬೋಲ್ಲಿಕ್ಕ ಸ್ವಲ್ಪ ಅಟಕ್ತದ." ಹಿಂದಿ ಬೆರೆತ ಕನ್ನಡ, ಅದೂ ತಡವರಿಸುತ್ತ.

"ಮೊದಲನೇ ಲೆಕ್ಚರ್‌ಗೆ ಯಾಕ ಬರೂದಿಲ್ಲ?"

"ಬರ್ತೀನಿ, ಮೇಡಂ. ನೆಕ್ಸ್ಟ್ ಮಂತ್‌ದಿಂದ ಪಕ್ಕಾ."

ಎಲ್ಲ ಮಕ್ಕಳೂ ಹಾಗೆಯೇ ಹೇಳುತ್ತಾರೆ. ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ 'ತಿಳಿಹೇಳಲಾಗಿದೆ' ಎಂದು ಬರೆದು ತಾರೀಖು ಹಾಕಿದೆ. ನನ್ನ ಕೆಲಸ ಅಲ್ಲಿಗೆ ಮುಗಿದಂತೆ ಎಂದುಕೊಂಡಿದ್ದೆ.

ಸೆಪ್ಟೆಂಬರಿನಲ್ಲೂ ಅವಳು ಏಳು ಇಪ್ಪತ್ತಕ್ಕೆ ಬರಲಿಲ್ಲ. ತಿಂಗಳ ಕೊನೆಗೆ ಒಂದು ವೈದ್ಯಕೀಯ ಪ್ರಮಾಣಪತ್ರ ತಂದಳು. ಟೈಫಾಯ್ಡ್, ಇಪ್ಪತ್ತೊಂದು ದಿನ ವಿಶ್ರಾಂತಿ. ಆ ಇಪ್ಪತ್ತೊಂದು ದಿನಗಳಲ್ಲಿ ಅವಳು ನನ್ನ ಪ್ರಾಕ್ಟಿಕಲ್ಲಿಗೆ ಪ್ರತಿ ವಾರ ಬಂದಿದ್ದಳು. ಜರ್ನಲ್ಲಿಗೆ ಸಹಿ ಹಾಕಿದವಳು ನಾನೇ. ಹಾಜರಿ ಸಮಿತಿ ಒಪ್ಪುವುದು ವೈದ್ಯಕೀಯ ಕಾರಣವೊಂದನ್ನೇ. ಆ ಕಾಗದವನ್ನು ಮುಂದೆ ಕಳಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ನನಗೂ ಒಂದು ಹೆಸರು ಕಡಿಮೆಯಾಗುತ್ತಿತ್ತು.

"ಇದನ್ನ ಯಾರು ಕೊಟ್ಟರು?"

"ಗಲ್ಲಿಯ ಡಾಕ್ಟರ್. ಎಲ್ಲಾರೂ ಇದೇ ಕೊಡ್ತಾರ ಅಂತ ಫ್ರೆಂಡ್ ಹೇಳಿದ್ಳು."

ಅವಳ ಕೈಗೇ ವಾಪಸು ಕೊಟ್ಟೆ. "ಇದು ಸುಳ್ಳು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಖರೆ ಕಾರಣ ಬರಕೊಂಡು ಬಾ."

"ಖರೆ ಬರದ್ರ ನಡೀತದ, ಮೇಡಂ?"

ಅವಳು ವಾದಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಬೇಕಾಗಿತ್ತು. ಪತ್ರವನ್ನು ನಾಲ್ಕಾಗಿ ಮಡಚಿ ಬ್ಯಾಗಿಗೆ ಹಾಕಿಕೊಂಡು ಹೋದಳು. ಮರುದಿನದಿಂದ ಯಾವ ಪಾಠಕ್ಕೂ ಬರಲಿಲ್ಲ. ನಾಲ್ಕನೇ ದಿನ ಅವಳ ಗೆಳತಿಯನ್ನು ಹಿಡಿದು ಕೇಳಿದಾಗ, ತಾಯಿ ವಿಕ್ರೋಳಿಯ ಒಂದು ಆಫೀಸಿನಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡುತ್ತಾರೆಂದೂ, ದೀಪಾವಳಿಯಿಂದ ಇವಳೂ ಅಲ್ಲಿಗೇ ಸೇರುತ್ತಾಳೆಂದೂ ಹೇಳಿದಳು. ಆ ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಸತ್ಯ ಬರೆದುಕೊಂಡು ಬಾ ಎನ್ನುವುದು ನನಗೆ ಸುಲಭವಾಗಿತ್ತು.

ಒಂದು ದಿನ ರಜೆ ಹಾಕಿ, ಪಾಠದ ಹೊತ್ತಿಗೆ ಸರಿಯಾಗಿ ಅವಳ ಮನೆಗೆ ಹೋದೆ. ಭಾಂಡುಪ್ ಸ್ಟೇಷನ್ನಿನಿಂದ ಷೇರ್ ರಿಕ್ಷಾ ಗುಡ್ಡದ ಬುಡದವರೆಗೆ ಹೋಗುತ್ತದೆ. ಅಲ್ಲಿಂದ ಮೇಲೆ ಮೆಟ್ಟಿಲು. ನಕ್ಷೆಯಲ್ಲಿ ಎತ್ತರದ ಗೆರೆಗಳು ಒತ್ತೊತ್ತಾಗಿದ್ದರೆ ಇಳಿಜಾರು ಕಡಿದು ಎಂದು ವರ್ಷಾನುಗಟ್ಟಲೆ ಹೇಳಿಕೊಟ್ಟವಳು ಅಲ್ಲಿ ಮೂರು ಕಡೆ ನಿಂತು ಉಸಿರು ತೆಗೆದುಕೊಂಡೆ. ಗಲ್ಲಿಯ ನಡುವೆ ಒಂದು ನಳ. ಐದು ಮನೆಗಳವರು ಸರದಿಯಲ್ಲಿ ಪೈಪ್ ಸಿಕ್ಕಿಸಿ ನೀರು ತುಂಬಿಕೊಳ್ಳುತ್ತಿದ್ದರು. ಅವಳ ಮನೆಯ ಸರದಿ ನಾಲ್ಕನೆಯದು. ಬಾಗಿಲಲ್ಲಿ ಎರಡು ನೀಲಿ ಡ್ರಮ್ಮುಗಳು. ಅವಳು ಪೈಪಿನ ಬಾಯಿಯನ್ನು ಒಂದು ಕೈಯಲ್ಲಿ ಹಿಡಿದು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದಳು.

ನನ್ನನ್ನು ಕಂಡು ಗಡಬಡಿಸಿ ಎದ್ದಾಗ ಪೈಪ್ ಜಾರಿ ನೀರು ಮೆಟ್ಟಿಲ ಮೇಲೆ ಹರಿಯಿತು. ಪಕ್ಕದ ಮನೆಯ ಹೆಂಗಸು ಗದರಿದಳು. ಪೈಪನ್ನು ನಾನು ಹಿಡಿದುಕೊಂಡೆ.

ಒಳಗಿನಿಂದ ಅವಳ ಅಜ್ಜಿ ಮಾತಾಡಿದರು. ಮೊಣಕಾಲು ನೋವಿನಿಂದ ಹೊಸ್ತಿಲು ದಾಟಲಾರರು. "ಯಾರ್ರೀ ಅವರು? ಅಕ್ಕೋರೇನ? ಒಳಗ ಬರ್ರಿ, ಕುಂದರ್ರಿ." ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನು ಹಾಗೆ ಕರೆಯುತ್ತಾರೆ. ಆ ಒಂದು ಶಬ್ದ ಕೇಳಿ ನಾನು ಬಂದ ಕೆಲಸವನ್ನು ಗಳಿಗೆಹೊತ್ತು ಮರೆತೆ. ಅಜ್ಜಿ ಹೇಳಿದ ಲೆಕ್ಕ ಸರಳವಾಗಿತ್ತು. ಮಗ, ಎಂದರೆ ಹುಡುಗಿಯ ತಂದೆ, ಪನವೇಲ್ ಕಡೆ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದು ಭಾನುವಾರಕ್ಕೊಮ್ಮೆ ಬರುತ್ತಾನೆ. ಸೊಸೆಯ ಪಾಳಿ ಆರೂವರೆಗೆ ಶುರು. ನೀರು ಬರುವುದು ಏಳರಿಂದ ಎಂಟರವರೆಗೆ. "ನೀರ ಹಿಡೀಲಿಲ್ಲಂದ್ರ ದಿನಾ ಹೆಂಗ ಕಳೀಬೇಕ್ರಿ? ನನ್ನ ಕಾಲು ಹಿಂಗ. ಕೂಸು ಒಂದ ಉಳೀತು."

ಹುಡುಗಿ ತುಂಬಿದ ಡ್ರಮ್ಮಿಗೆ ಮುಚ್ಚಳ ಹಾಕಿ ಬಂದಳು. ಕಿವಿಯಲ್ಲಿ ಏನು ಕೇಳುತ್ತಿದ್ದೆ ಎಂದೆ. ಸಂಕೋಚದಿಂದ ಫೋನ್ ಚಾಚಿದಳು. ನನ್ನದೇ ದನಿ. ಗೆಳತಿ ದಿನವೂ ಮೊದಲ ಬೆಂಚಿನಲ್ಲಿ ಕೂತು ನನ್ನ ಪಾಠವನ್ನು ಫೋನಿನಲ್ಲಿ ಹಿಡಿದು ಕಳಿಸುತ್ತಿದ್ದಳು. ಮರುದಿನ ನೀರು ತುಂಬುವಾಗ ಇವಳು ಕೇಳುತ್ತಿದ್ದಳು.

"ರೋಲ್ ಕಾಲ್ ಕೂಡ ರೆಕಾರ್ಡ್ ಆಗಿರ್ತದ, ಮೇಡಂ," ಎಂದಳು. "ನನ್ನ ನಂಬರ್ ಬಂದಾಗ ನೀವು ಸ್ವಲ್ಪ ರುಕ್ತೀರಿ. ಆಮ್ಯಾಲ ನೆಕ್ಸ್ಟ್ ನಂಬರ್."

ನಾನು ಹಾಗೆ ನಿಲ್ಲುತ್ತಿದ್ದೆನೆಂಬುದು ನನಗೇ ತಿಳಿದಿರಲಿಲ್ಲ.

ಅಲ್ಲಿಂದ ಇಳಿದು ಬರುವಾಗ ಒಂದು ತೀರ್ಮಾನಕ್ಕೆ ಬಂದಿದ್ದೆ. ಸುಳ್ಳು ಪತ್ರ ಒಯ್ಯುವುದಿಲ್ಲ. ಕಾರಣದ ಜಾಗದಲ್ಲಿ ಇದ್ದದ್ದನ್ನೇ ಬರೆಸಿ, ಸಮಿತಿಯ ಮುಂದೆ ನಾನೇ ನಿಲ್ಲುತ್ತೇನೆ. ಫೋನಿನಲ್ಲಿ ತಿಳಿಸಿದೆ; ಹುಡುಗಿ ಮಾರನೆಯ ದಿನವೇ ಬಂದು ಬರೆದುಕೊಟ್ಟಳು: ಬೆಳಿಗ್ಗೆ ಏಳರಿಂದ ಎಂಟರವರೆಗೆ ಮನೆಗೆ ನೀರು ತುಂಬಬೇಕು.

ಸಮಿತಿಯಲ್ಲಿ ಅದು ಐದು ನಿಮಿಷವೂ ನಿಲ್ಲಲಿಲ್ಲ. ಒಬ್ಬರು ನಕ್ಕರು. ಉಪಪ್ರಾಂಶುಪಾಲರು ನಗಲಿಲ್ಲ. ಅವರು ಮುಲುಂಡಿನ ಮರಾಠಿ ಹೆಂಗಸು, ಮಾತು ಕಡಿಮೆ. "ನೀರಿನ ಕಾರಣಕ್ಕೆ ಇವಳಿಗೆ ರಿಯಾಯಿತಿ ಕೊಟ್ಟರೆ ನಾಳೆ ಇಡೀ ಗುಡ್ಡ ನನ್ನ ಬಾಗಿಲಲ್ಲಿ ನಿಲ್ಲುತ್ತದೆ," ಎಂದರು. ನಾನು ಏಳುವಾಗ, "ನಾನು ಸಹಿ ಹಾಕಬಹುದಾದದ್ದು ಏನಾದರೂ ತನ್ನಿ," ಎಂದು ಸೇರಿಸಿದರು.

ಇಡೀ ಗುಡ್ಡ ಎಂಬ ಅವರ ಮಾತನ್ನೇ ಹಿಡಿದುಕೊಂಡೆ. ಪಟ್ಟಿಯಲ್ಲಿದ್ದ ಎರಡನೇ ವರ್ಷದವರನ್ನು ಒಬ್ಬೊಬ್ಬರಾಗಿ ಮತ್ತೆ ಕರೆಸಿದೆ. ಈ ಸಲ ಯಾಕೆ ಬರುವುದಿಲ್ಲ ಎಂದು ಕೇಳಲಿಲ್ಲ; ನಿಮ್ಮ ಗಲ್ಲಿಗೆ ನೀರು ಎಷ್ಟು ಹೊತ್ತಿಗೆ ಎಂದು ಕೇಳಿದೆ. ಮೂರು ದಿನಗಳಲ್ಲಿ, ಮೊದಲ ಪಾಠದ ಹೊತ್ತಿಗೇ ನೀರು ಹಿಡಿಯುವವರು ಇವಳೂ ಸೇರಿ ಹನ್ನೊಂದು ಜನರಾದರು. ಹನ್ನೊಂದೂ ಹುಡುಗಿಯರು. ಅವರಲ್ಲಿ ಒಬ್ಬಳು ಹೊಟ್ಟೆನೋವು ಎಂದೂ, ಇನ್ನೊಬ್ಬಳು ಟ್ರೇನ್ ಲೇಟ್ ಎಂದೂ ಬರೆದುಕೊಟ್ಟಿದ್ದಳು. ಟ್ರೇನ್ ಎಂದವಳ ಮನೆ ಕಾಲೇಜಿನಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು.

ಅದೇ ಪಾಠವನ್ನು ಮಧ್ಯಾಹ್ನ ಎರಡನೇ ಸಲ ಮಾಡುತ್ತೇನೆ, ಈಗಾಗಲೇ ತಪ್ಪಿಹೋದವನ್ನೂ ತುಂಬಿಕೊಡುತ್ತೇನೆ, ಬೆಳಿಗ್ಗೆ ಬಾರದವರ ಹಾಜರಿಯನ್ನು ಅಲ್ಲಿ ತೆಗೆದುಕೊಳ್ಳಲಿ ಎಂದು ಅರ್ಜಿ ಬರೆದೆ. ಕೋಣೆ ಖಾಲಿ ಇಲ್ಲ ಎಂದು ಆಫೀಸು ವಾಪಸು ಕಳಿಸಿತು. ಹನ್ನೆರಡಕ್ಕೆ ಜೂನಿಯರ್ ಕಾಲೇಜಿನ ಮಕ್ಕಳು ಬಂದು ತುಂಬಿಕೊಳ್ಳುತ್ತಾರೆ. ನಮ್ಮ ವಿಭಾಗದ ಹಳೆಯ ಪ್ಯೂನ್ ಅರ್ಜಿ ನೋಡಿ, ನಕ್ಷೆಗಳನ್ನಿಡುವ ಕೋಣೆಯ ಪ್ರಾಕ್ಟಿಕಲ್ ಎರಡು ಗಂಟೆಗಲ್ಲವೇ, ಅದಕ್ಕೆ ಮೊದಲು ಅಲ್ಲಿ ಧೂಳು ಬಿಟ್ಟರೆ ಯಾರೂ ಇರುವುದಿಲ್ಲ ಎಂದ. ಅಂದೇ ಕಪಾಟುಗಳನ್ನು ಗೋಡೆಗೆ ಸರಿಸಿ ಜಾಗ ಮಾಡಿಕೊಟ್ಟ. ಅರ್ಥಶಾಸ್ತ್ರದ ಸಹೋದ್ಯೋಗಿ ಮಾತ್ರ ಒಪ್ಪಲಿಲ್ಲ. ಅವರು ಬದಲಾಪುರದಿಂದ ಬರುವವರು. ಒಂದು ಗಂಟೆಯ ಲೋಕಲ್ ತಪ್ಪಿದರೆ ಮನೆಯಲ್ಲಿ ಹಾಸಿಗೆ ಹಿಡಿದ ಹೆಂಡತಿಗೆ ಊಟ ಕೊಡುವವರಿಲ್ಲ. ಬೇಸರಪಟ್ಟುಕೊಳ್ಳುವ ಹಕ್ಕು ನನಗಿರಲಿಲ್ಲ. ಅರ್ಥಶಾಸ್ತ್ರದ ಉಳಿದ ಪಾಠಗಳು ಬೇರೆ ಹೊತ್ತಿನಲ್ಲಿದ್ದುದರಿಂದ ಅದರಲ್ಲಿ ಹೇಗೂ ಐವತ್ತು ದಾಟುತ್ತಿತ್ತು, ಅಷ್ಟು ಸಾಕಿತ್ತು. ಭೂಗೋಳ ತುಂಬಿದರೆ ಸರಾಸರಿ ಎಪ್ಪತ್ತೈದು ಮುಟ್ಟುತ್ತಿತ್ತು. ಈ ಲೆಕ್ಕವನ್ನು ಬರೆದು ಒಯ್ದಾಗ ಉಪಪ್ರಾಂಶುಪಾಲರು ಎರಡು ಸಲ ಓದಿ ಸಹಿ ಹಾಕಿದರು.

ದೀಪಾವಳಿಗೆ ಮುಂಚೆಯೇ ಮಧ್ಯಾಹ್ನ ಹನ್ನೆರಡೂ ನಲವತ್ತರ ಪಾಠ ಶುರುವಾಯಿತು. ಒಂದೇ ಪಾಠವನ್ನು ದಿನಕ್ಕೆರಡು ಸಲ ಹೇಳುವುದು ಗಂಟಲಿಗೆ ಕಷ್ಟ. ಎರಡನೆಯ ಸಲ ಏನು ಹೇಳಿದೆ, ಏನು ಬಿಟ್ಟೆ ಎಂಬುದೂ ಮರೆಯುತ್ತದೆ. ಆದರೂ ಹನ್ನೊಂದು ಜನ ಬರುತ್ತಿದ್ದರು. ಹುಡುಗಿ ವಿಕ್ರೋಳಿಗೆ ಕೆಲಸಕ್ಕೆ ಹೋಗಲಿಲ್ಲ. ಆ ಸೆಮಿಸ್ಟರಿನ ಪರೀಕ್ಷೆಗೆ ಕೂತಳು, ಪಾಸಾದಳು. ಜನವರಿಯ ಸ್ಟಾಫ್ ಮೀಟಿಂಗಿನಲ್ಲಿ ನನ್ನ ಯೋಜನೆಯನ್ನು ಹೊಗಳಿದರು. ಖುಷಿಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅದೇ ವಾರ ಒಂದು ದಿನ ಪಾಠ ಮುಗಿದ ಮೇಲೆ ಅವಳು ನಕ್ಷೆಗಳನ್ನು ಸುತ್ತಿಡಲು ನೆರವಾಗುತ್ತಿದ್ದಳು. ಈಗ ಎಲ್ಲ ಸರಿಹೋಯಿತಲ್ಲ ಎಂದೆ. ತಲೆಯಾಡಿಸಿದಳು. ಇನ್ನೊಂದು ನಕ್ಷೆ ಸುತ್ತಿ, ದಾರ ಕಟ್ಟಿ, ಆಮೇಲೆ ಹೇಳಿದಳು:

"ಲೆಕ್ಚರ್ ಸಿಗ್ತದ, ಮೇಡಂ. ಲೇಕಿನ್ ಕಾಲೇಜ್ ಮಾರ್ನಿಂಗ್‌ದಾಗ ಇರ್ತದಲ್ಲ."

"ಅಂದರ?"

"ಎಲ್ಲಾರೂ ಏಳಕ್ಕ ಬರ್ತಾರ. ಮೆಟ್ಟಿಲ ಮ್ಯಾಲ ಕೂತು ಬಾತೇಂ ಮಾಡ್ತಾರ. ನೀವು ಬಂದ್ರ ಓಡ್ತಾರ. ನಾ ಬರೋ ಟೈಮಿಗೆ ಅದೆಲ್ಲಾ ಖತಂ ಆಗಿರ್ತದ. ಎಲ್ಲಾರೂ ಯಾವುದೋ ಬಾತ್ ಮ್ಯಾಲೆ ನಗ್ತಿರ್ತಾರ, ನಂಗ ಗೊತ್ತಿರಂಗಿಲ್ಲ."

ಹಾಜರಿಯನ್ನು ನಾನು ತುಂಬಿಕೊಟ್ಟಿದ್ದೆ. ಅವಳಿಗೆ ಬೇಕಾಗಿದ್ದದ್ದು ಅದಕ್ಕಿಂತ ದೊಡ್ಡದೇನಲ್ಲ. ಆದರೆ ಅದನ್ನು ಕೊಡಲು ನನ್ನಲ್ಲಿ ಅರ್ಜಿ ನಮೂನೆ ಇರಲಿಲ್ಲ.

ಅವಳು ಮನೆಯಲ್ಲೂ ಇದನ್ನು ಹೇಳಿರಬೇಕು. ಫೆಬ್ರವರಿಯಲ್ಲಿ ತಾಯಿಯೇ ನನಗೆ ಫೋನ್ ಮಾಡಿದರು. ನಾವಿಬ್ಬರೂ ಅದುವರೆಗೆ ಮುಖಾಮುಖಿ ಕಂಡಿರಲಿಲ್ಲ. "ಅಕ್ಕೋರ, ನಮ್ಮ ಜೋಡಿ ಕೆಲಸ ಮಾಡಾಕಿ ಒಬ್ಬಾಕಿ ಒಂದು ವಾರ ಊರಿಗೆ ಹೊಂಟಾಳ್ರಿ. ಆಕಿ ಸೆಕೆಂಡ್ ಶಿಫ್ಟ್ ನನಗ ಕೊಡ್ರಿ ಅಂತ ಸುಪರ್‌ವೈಸರ್‌ನ ಕೇಳೀನಿ. ಹೂಂ ಅಂದಾನ. ಒಂದ ವಾರ ನೀರ ನಾ ಹಿಡೀತೀನಿ. ಮಗಳು ಮುಂಜಾನಿ ಬರ್ತಾಳ್ರಿ."

ಸೋಮವಾರ ನಾನು ಸ್ಟೇಷನ್ನಿನಿಂದ ನಡೆದು ಬರುವಾಗ ಏಳಕ್ಕೆ ಇನ್ನೂ ಐದು ನಿಮಿಷವಿತ್ತು. ಅವಳು ಗೆಳತಿಯರ ನಡುವೆ ಮೆಟ್ಟಿಲ ಮೇಲೆ ಕೂತಿದ್ದಳು. ಯಾರೋ ಏನೋ ಹೇಳಿದರು; ಅವಳು ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಅವಳು ಹಾಗೆ ನಗುವುದನ್ನು ನಾನು ಕಂಡಿರಲಿಲ್ಲ. ನನ್ನನ್ನು ನೋಡಿದ ಕೂಡಲೇ ಎಲ್ಲರೂ ಎದ್ದು ಓಡಿದರು, ಅವಳೂ ಓಡಿದಳು. ಹಾಜರಿ ಕೂಗುವಾಗ ಅವಳ ನಂಬರಿಗೆ ಬಂದಾಗ ನನ್ನ ದನಿ ಸ್ವಲ್ಪ ಹಗುರವಾಗಿರಬೇಕು. ಉತ್ತರ ಬಂತು, ಮುಂದಿನ ನಂಬರಿಗೆ ಹೋದೆ. ಮಂಗಳವಾರ, ಬುಧವಾರವೂ ಹಾಗೆಯೇ.

ಗುರುವಾರ ಮಧ್ಯಾಹ್ನ ನಕ್ಷೆಯ ಕೋಣೆಯ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಕೈಯಲ್ಲಿ ಊಟದ ಡಬ್ಬಿಯ ಚೀಲ, ಮಡಚಿದ ನೀಲಿ ಯೂನಿಫಾರ್ಮಿನ ಅಂಚು ಅದರಿಂದ ಕಾಣುತ್ತಿತ್ತು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಂದಿದ್ದರು. ನಲವತ್ತರ ಒಳಗಿನ ವಯಸ್ಸು. 'ಅಕ್ಕೋರ' ಎಂದ ಕೂಡಲೇ ಫೋನಿನಲ್ಲಿ ಕೇಳಿದ ದನಿ ಗುರುತು ಸಿಕ್ಕಿತು, ಹುಡುಗಿಯ ತಾಯಿ.

"ಮಗಳು ಮನೀಗೆ ಹ್ವಾದ್ಳೇನ್ರಿ?" ಎಂದೆ, ಏನಾದರೂ ಕೆಲಸವಿರಬಹುದೆಂದು.

"ಹೂನ್ರಿ, ಅಜ್ಜಿಗೆ ಊಟಾ ಮಾಡಸಾಕ ಹ್ವಾದ್ಳು." ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ಆಕಿ ಈ ವಾರ ಮುಂಜಾನಿ ಬರಾಕತ್ತಾಳಲ್ರಿ. ಇಲ್ಲಿ ಆಕಿ ಜಾಗಾ ಖಾಲಿ ಇರಬೇಕಲ್ರಿ, ಅಕ್ಕೋರ? ಒಂದೀಟ ಹೊತ್ತು ಕುಂದರ್ಲ್ಯಾ?"

ಕೂರಿಸಿದೆ. ಹತ್ತು ಹುಡುಗಿಯರು ಸರಿದು ಜಾಗ ಮಾಡಿಕೊಟ್ಟರು. ಮೂರನೇ ಇಯತ್ತೆಗೆ ಶಾಲೆ ಬಿಟ್ಟದ್ದಂತೆ, ಆಮೇಲೆ ಬೆಂಚಿನ ಮೇಲೆ ಕೂತದ್ದು ಇವತ್ತೇ ಅಂತೆ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತರು.

ಅಂದಿನ ಪಾಠ ಪಶ್ಚಿಮ ಘಟ್ಟ ಮತ್ತು ಮಳೆ. ಹಿಂದಿ, ಮರಾಠಿ, ಇಂಗ್ಲಿಷ್ ಬೆರೆಸಿ ಹೇಳುವುದು ನನ್ನ ರೂಢಿ. ಅಂದು ಒಂದೊಂದು ವಾಕ್ಯವನ್ನು ಮತ್ತೊಮ್ಮೆ ಕನ್ನಡದಲ್ಲೂ ಹೇಳಿದೆ. ಹದಿನಾಲ್ಕು ವರ್ಷಗಳಲ್ಲಿ ತರಗತಿಯಲ್ಲಿ ನಾನು ಕನ್ನಡ ಮಾತಾಡಿದ್ದು ಅದೇ ಮೊದಲು. ನಾಲಿಗೆ ಅಲ್ಲಲ್ಲಿ ತೊಡರಿತು. ಧಾರವಾಡದಲ್ಲಿ ನನಗೆ ಭೂಗೋಳ ಕಲಿಸಿದವರ ಶಬ್ದಗಳು ಎಲ್ಲಿಂದಲೋ ಬಂದು ಕೈಹಿಡಿದವು. ಸಮುದ್ರದಿಂದ ಬರುವ ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಇರುವ ಮಳೆಯನ್ನೆಲ್ಲ ಈ ಕಡೆಯೇ ಸುರಿಸುತ್ತದೆ. ಘಟ್ಟ ದಾಟಿ ಆಚೆ ಇಳಿಯುವಾಗ ಅದು ಒಣಗಾಳಿ ಎಂದು ಬೋರ್ಡಿನ ಮೇಲೆ ಬಾಣದ ಗುರುತು ಹಾಕುತ್ತ ಹೋದೆ. ಆಚೆ ಬದಿಯಲ್ಲಿ ಸೊಲ್ಲಾಪುರ, ವಿಜಯಪುರ ಎಂದು ಬರೆದೆ.

ತಾಯಿ ಕೈ ಎತ್ತಿದರು. ಹುಡುಗಿಯರು ಹಾಗೆ ಮಾಡುವುದನ್ನು ಅಲ್ಲೇ ನೋಡಿ ಕಲಿತಿರಬೇಕು.

"ಹಂಗಾರ ನಮ್ಮ ಕಡೀ ಮಳಿ ಇಲ್ಲೇ ಸುರೀತದೇನ್ರಿ, ಅಕ್ಕೋರ?"

"ಹೌದ್ರಿ. ಬಹಳಷ್ಟು ಇಲ್ಲೇ."

ಅವರು ಬೋರ್ಡನ್ನು ನೋಡುತ್ತ ಕೂತರು. ಎಷ್ಟು ಹೊತ್ತು ನೋಡಿದರೆಂದರೆ, ಹುಡುಗಿಯರೂ ಬರೆಯುವುದನ್ನು ನಿಲ್ಲಿಸಿ ಅವರನ್ನು ನೋಡಿದರು. ಆಮೇಲೆ ಕೇಳಿದರು: "ಮತ್ತ ನಮಗ ಬರೂ ಅಷ್ಟೀಟು ಮಳಿ ಎಲ್ಲಿಂದ ಬರ್ತದ್ರಿ?"

ಒಳ್ಳೆಯ ಪ್ರಶ್ನೆ. ಪದವಿಯ ಮಕ್ಕಳೂ ಅದನ್ನು ಕೇಳುವುದು ಕಡಿಮೆ. ಅದಕ್ಕೆ ಉತ್ತರವಾಗಿ ಪೂರ್ವದ ಕಡಲಿನ ಕಥೆ ಹೇಳಬೇಕು, ಇನ್ನೊಂದು ಚಿತ್ರ ಬರೆಯಬೇಕು. ಬೋರ್ಡಿನ ಅರ್ಧ ಒರೆಸಿದೆ. ಅಷ್ಟರಲ್ಲಿ ಅವರು ಗೋಡೆಯ ಗಡಿಯಾರ ನೋಡಿ ಎದ್ದರು. ಎರಡಕ್ಕೆ ಮೊದಲು ಬಟ್ಟೆ ಬದಲಿಸಿ ಸಹಿ ಮಾಡಬೇಕು. ಒಂದು ಹತ್ತರ ಲೋಕಲ್ ಹಿಡಿಯಲೇಬೇಕು. "ಉಳಿದದ್ದು ಇನ್ನೊಮ್ಮೆ ಹೇಳ್ರಿ, ಅಕ್ಕೋರ. ಸೆಕೆಂಡ್ ಶಿಫ್ಟ್ ಸಿಕ್ಕಾಗ ಬರ್ತೀನಿ," ಎಂದು ಹುಡುಗಿಯರಿಗೂ ಕೈಮುಗಿದು ಹೊರಟರು. ಕಾರಿಡಾರಿನ ತುದಿಯವರೆಗೆ ಅವರ ಚಪ್ಪಲಿಯ ಸದ್ದು ಕೇಳಿಸಿತು.

ಆ ವಾರ ಮುಗಿಯಿತು. ಸೋಮವಾರ ಏಳು ಇಪ್ಪತ್ತಕ್ಕೆ ಹುಡುಗಿಯ ಜಾಗದಲ್ಲಿ ಗೆಳತಿಯ ಬ್ಯಾಗಿತ್ತು. ಹನ್ನೆರಡೂ ನಲವತ್ತಕ್ಕೆ ಅವಳು ಎಂದಿನಂತೆ ನಕ್ಷೆಯ ಕೋಣೆಗೆ ಬಂದಳು. ಏಪ್ರಿಲಿನಲ್ಲಿ ಪರೀಕ್ಷೆ ಬರೆದು, ಭೂಗೋಳದಲ್ಲಿ ಒಳ್ಳೆಯ ಅಂಕ ಪಡೆದು, ಅರ್ಥಶಾಸ್ತ್ರದಲ್ಲಿ ಅಂತೂ ಇಂತೂ ಪಾಸಾಗಿ ಈಗ ಮೂರನೇ ವರ್ಷದಲ್ಲಿದ್ದಾಳೆ. ಮಧ್ಯಾಹ್ನದ ಪಾಠಕ್ಕೆ ಈ ವರ್ಷ ಹದಿನಾರು ಜನ ಇದ್ದಾರೆ.

ತಾಯಿಗೆ ಮತ್ತೆ ಸೆಕೆಂಡ್ ಶಿಫ್ಟ್ ಸಿಕ್ಕಿಲ್ಲ. ಮೊನ್ನೆ ಹುಡುಗಿಯನ್ನು ಕೇಳಿದೆ, ಆ ಪ್ರಶ್ನೆಗೆ ಉತ್ತರ ನಿನಗೆ ಗೊತ್ತಲ್ಲ, ಅಮ್ಮನಿಗೆ ನೀನೇ ಹೇಳಬಾರದೇ ಎಂದು.

"ಹೇಳ್ಲಿಕ್ಕ ಹೋಗಿದ್ದೆ, ಮೇಡಂ," ಎಂದಳು. ಅವಳ ಕನ್ನಡ ಈಗ ಮೊದಲಿನಷ್ಟು ತಡವರಿಸುವುದಿಲ್ಲ. "ಮಮ್ಮಿ ಬ್ಯಾಡ ಅಂದ್ಳು. ನೀ ಹೇಳಬ್ಯಾಡ, ನಾ ಕ್ಲಾಸಿನಾಗ ಕುಂತೇ ಕೇಳ್ತೀನಿ ಅಂದ್ಳು."